ಎಡಗಡೆ ಮೇಲೆ ಪಾನಾ

ಹೆಣ್ಣು ನೋಡಲು ಹೋದ ಮನೆಗಳಲ್ಲಿ ಅಣ್ಣ ಉಪ್ಪಿಟ್ಟು ಮುಗಿಯುವವರೆಗೂ ಕೂತವನಲ್ಲ. ಅಂಥವನು ಅವತ್ತು ಕುಮಾರಸ್ವಾಮಿ ಲೇಔಟಿನ ವೆಲ್ಡಿಂಗ್ ಅಂಗಡಿಯಲ್ಲಿ ಒಂದು ತೂತುತೂತಿನ ಕಬ್ಬಿಣದ ತಗಡಿನ ಮುಂದೆ ಅರ್ಧ ಬೆಳಗು ಕಳೆದ. ಮೇಲಿನಿಂದ ಕೆಳಗೆ, ಈ ಅಂಚಿನಿಂದ ಆ ಅಂಚಿಗೆ ಅಂಗೈ ಆಡಿಸುತ್ತಿದ್ದ. ನಾನು ಬಾಗಿಲ ಹತ್ತಿರ ಸ್ಟೂಲಿನ ಮೇಲೆ ಕೂತು ಎರಡನೇ ಕಾಫಿ ಕುಡಿದೆ. ಅಂಗಡಿಯವರು ವಿಜಯಪುರದ ಕಡೆಯವರು, ಬಾಯಿಗೆ ಬೀಗವಿಲ್ಲದವರು.

"ಅಣ್ಣಾರ, ಕನ್ಯಾ ನೋಡಾಕ ಬಂದಂಗ ನೋಡಾಕತ್ತೀರಲ್ರಿ. ತಗಡ ಐತ್ರೀ ಅದು, ಓಡಿ ಹೋಗೂದಿಲ್ಲ."

"ಹೆಣ್ಣನ್ನು ಇಷ್ಟು ನೋಡಿದ್ರೆ ಇಷ್ಟೊತ್ತಿಗೆ ಮದುವೆ ಆಗಿರ್ತಿತ್ತು ಬಿಡಿ," ಅಂದೆ ನಾನು. ಅಣ್ಣ ನಗಲಿಲ್ಲ. ತೂತಿನ ಅಂಚಿನಲ್ಲಿ ಚೂಪು ಉಳಿದಿದೆಯೇ ಎಂದು ಹೆಬ್ಬೆರಳಿನಿಂದ ಸವರಿ ನೋಡುತ್ತಿದ್ದ.

ಅಣ್ಣ ಪ್ಲಂಬರ್. ಜಯನಗರ, ಜೆ.ಪಿ. ನಗರ, ಬಿಳೇಕಹಳ್ಳಿ ಕಡೆ ಎಲ್ಲಿ ನಲ್ಲಿ ಸೋರಿದರೂ ಅವನ ಫೋನು ಬಡಿದುಕೊಳ್ಳುತ್ತದೆ. ನಮ್ಮದೊಂದು ಸಣ್ಣ ಪಿಕಪ್ ಗಾಡಿ. ಹಿಂದುಗಡೆ ಸಾಮಾನು ಹೇರುವ ಜಾಗಕ್ಕೆ ತಗಡಿನ ಮಾಡು ಹಾಕಿಸಿ, ಬಾಗಿಲು ಇಡಿಸಿದ್ದೇವೆ. ಪೈಪು ತಿರುಗಿಸುವ ದೊಡ್ಡ ಪಾನಾ, ಸಣ್ಣ ಪಾನಾ, ಗರಗಸ, ಸುತ್ತಿಗೆ, ಉಳಿ, ಡ್ರಿಲ್ ಮೆಷಿನ್, ಎಲ್ಲವೂ ಮೊದಲು ಹಳೇ ಪೇಂಟ್ ಬಕೆಟ್ಟುಗಳಲ್ಲಿ ಒಂದರ ಮೇಲೊಂದು ಬಿದ್ದಿರುತ್ತಿದ್ದವು. ಈಗ ಅವನ್ನೆಲ್ಲ ಒಳಗಿನ ಎಡಗೋಡೆಗೆ ತೂಗುಹಾಕಬೇಕು, ಅದಕ್ಕೊಂದು ಪ್ಯಾನೆಲ್ ಬೇಕು ಅಂತ ಅಣ್ಣ ಹಟ ಹಿಡಿದಿದ್ದ. ಅಮ್ಮನಿಗೆ ಹೇಳಿದ ಕಾರಣ ಬೇರೆ: "ಹಂಪ್ ಬಂದಾಗೆಲ್ಲ ಸಾಮಾನು ಗಡಗಡ ಅನ್ನುತ್ತಮ್ಮ. ತಲೆನೋವು." ಅಮ್ಮ, "ಹೂಂ, ಅದೂ ನಿಜವೇ," ಅಂದಿದ್ದಳು.

ನಿಜ ಅದಲ್ಲ. ಅಣ್ಣನ ಕಣ್ಣು ಹೋಗುತ್ತಿತ್ತು.

ಒಂದು ದಿನ ಗಾಡಿ ಹಿಂದಕ್ಕೆ ತೆಗೆಯುತ್ತ ನಮ್ಮ ಮನೆಯ ಗೇಟಿನ ಕಂಬಕ್ಕೇ ಗುದ್ದಿದ. ಹುಟ್ಟಿದಾಗಿನಿಂದ ನೋಡಿದ ಕಂಬ. ಕಣ್ಣಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ. ಗ್ಲಾಕೋಮಾ, ಸುತ್ತಲಿನ ನೋಟ ಹೋಗಿದೆ, ಹೋದದ್ದು ವಾಪಸ್ಸು ಬರುವುದಿಲ್ಲ, ಉಳಿದದ್ದನ್ನು ಡ್ರಾಪ್ಸ್ ಹಾಕಿಕೊಂಡು ಕಾಪಾಡಿಕೊಳ್ಳಿ, ಗಾಡಿ ಓಡಿಸಬೇಡಿ ಅಂದರು. ಹೊರಗೆ ಬಂದು ಅಣ್ಣ ಅದನ್ನೇ ತನ್ನ ಭಾಷೆಯಲ್ಲಿ ಹೇಳಿದ. "ಪೈಪಲ್ಲಿ ಇಣುಕಿದ ಹಾಗೆ ಕಣೇ. ನೆಟ್ಟಗೆ ಎದುರಿಗಿರೋದು ಸರಿಯಾಗಿ ಕಾಣುತ್ತೆ. ಪಕ್ಕದ್ದು ಇಲ್ಲವೇ ಇಲ್ಲ." ಹೇಳಿ ಗಾಡಿಯ ಕೀ ನನ್ನ ಕೈಗಿಟ್ಟ. ಅವನ ಮುಖ ನೋಡಲಾರದೆ ನಾನು ಕೀಯನ್ನೇ ನೋಡುತ್ತ ನಿಂತೆ.

ಆಗ ನಾನು ಬಿ.ಟಿ.ಎಂ. ಲೇಔಟಿನ ಒಂದು ಬಟ್ಟೆ ಅಂಗಡಿಯಲ್ಲಿ ಬಿಲ್ ಹಾಕುತ್ತಿದ್ದೆ. ಅದನ್ನು ಬಿಟ್ಟು ಅಣ್ಣನ ಡ್ರೈವರ್ ಆದೆ. ಬಿಟ್ಟದ್ದಕ್ಕೆ ಬೇಜಾರೇನಿಲ್ಲ, ಆ ಅಂಗಡಿಯಲ್ಲಿ ಎ.ಸಿ. ಇತ್ತೇ ಹೊರತು ಗಾಳಿ ಇರಲಿಲ್ಲ. ಗಾಡಿ ಕಲಿಸಿದವನೂ ಅಣ್ಣನೇ, ಹಾಗಾಗಿ ಪಕ್ಕದಲ್ಲಿ ಕೂತರೆ ಇವತ್ತಿಗೂ ಅವನು ಮೇಷ್ಟ್ರು. "ಬಲಗಡೆ ಬಸ್ ಬರ್ತಿದೆ, ನಿಧಾನ," ಅನ್ನುತ್ತಾನೆ. "ಅದು ಮರ ಕಣೋ," ಅನ್ನುತ್ತೇನೆ. "ಮರವಾದ್ರೂ ನಿಧಾನ," ಅನ್ನುತ್ತಾನೆ. ಇಂಥವನ ಜೊತೆ ಜಗಳ ಆಡುವುದು ಹೇಗೆ?

ಕೆಲಸಕ್ಕೆ ತೊಂದರೆ ಇರಲಿಲ್ಲ. ಎದುರಿಗಿನ ನಲ್ಲಿ ಕಾಣುತ್ತಿತ್ತು, ಉಳಿದದ್ದನ್ನು ಕೈ ನೋಡಿಕೊಳ್ಳುತ್ತಿತ್ತು. ತೊಂದರೆ ಇದ್ದದ್ದು ಸಾಮಾನು ಹುಡುಕುವುದರಲ್ಲಿ. ಬಕೆಟ್ಟನ್ನು ಫುಟ್‌ಪಾತಿನ ಮೇಲೆ ಸುರಿದುಕೊಂಡು ತಡಕಾಡುತ್ತಿದ್ದ. ಮನೆಯವರು ಗೇಟಿನಲ್ಲಿ ನಿಂತು ನೋಡುತ್ತಿದ್ದರು. ನಾನೇ ತೆಗೆದುಕೊಡೋಣ ಅಂದರೆ ಅವನಿಗೆ ಅದು ಆಗದು, ಮೂಗಿನ ತುದಿಯಲ್ಲೇ ಸಿಟ್ಟು. ಪ್ರತಿಯೊಂದು ಸಾಮಾನಿಗೂ ಒಂದು ಖಾಯಂ ಜಾಗ ಇದ್ದರೆ ಕಣ್ಣಿನ ಹಂಗಿಲ್ಲದೆ ಕೈ ಹಾಕಬಹುದು ಅನ್ನುವುದು ಅವನ ಲೆಕ್ಕ. ನಮ್ಮ ಗಾಡಿಯ ಮೇಲೆ ಕಣ್ಣು ಹಾಕಿದ್ದ ಹಣ್ಣಿನ ವ್ಯಾಪಾರಿಯೊಬ್ಬ ಹುಳಿಮಾವಿನಲ್ಲಿದ್ದ, ಆಗಾಗ ಫೋನ್ ಮಾಡುತ್ತಿದ್ದ. "ಈ ಪ್ಯಾನೆಲ್ಲೂ ಕೈಕೊಟ್ರೆ ಗಾಡಿ ಅವನಿಗೆ ಕೊಟ್ಟು ಮನೇಲಿ ಕೂತ್ಕೋತೀನಿ," ಅಂತ ಅಣ್ಣ ನನ್ನೊಬ್ಬಳ ಹತ್ತಿರ ಹೇಳಿದ್ದ. ಮನೆಯಲ್ಲಿ ಕೂರುವ ಅಣ್ಣನನ್ನು ನನಗೆ ಊಹಿಸಿಕೊಳ್ಳಲೂ ಆಗಲಿಲ್ಲ. ಅಮ್ಮನಿಗೆ ಬಿ.ಪಿ., ಅವಳಿಗೆ ಇದ್ಯಾವುದೂ ಗೊತ್ತಾಗಬಾರದು ಅಂತ ಆಣೆ ಬೇರೆ.

ಅದಕ್ಕೇ ಆ ಅಂಗಡಿಯಲ್ಲಿ ಅಷ್ಟು ಹೊತ್ತು. ಮೊದಲು ತೋರಿಸಿದ್ದು ಪ್ಲೈವುಡ್. "ನೀರಿನ ಕೆಲಸದವನಿಗೆ ಪ್ಲೈವುಡ್ಡಾ? ಉಬ್ಬಿ ಇಡ್ಲಿ ಆಗುತ್ತೆ," ಅಂದ ಅಣ್ಣ. ಆಮೇಲೆ ಉದ್ದುದ್ದ ಸೀಳುಗಳಿದ್ದ ನುಣುಪಾದ ಕರಿ ತಗಡು. ಅದರಲ್ಲಿ ಕೊಕ್ಕೆಯನ್ನು ಬೇಕಾದ ಕಡೆ ಸರಿಸಿಕೊಳ್ಳಬಹುದು. ಅಂಗಡಿಯವರಿಗೆ ಅದರ ಮೇಲೆ ಬಲು ಪ್ರೀತಿ. ಅಣ್ಣ ಒಂದು ಕೊಕ್ಕೆ ಹಿಡಿದು ಅಲ್ಲಾಡಿಸಿದ, ಅದು ಸರಕ್ಕನೆ ಜಾರಿತು. "ಇದು ಬೇಡ," ಅಂದ. ಕೊನೆಗೆ ಕೈ ನಿಂತದ್ದು ದುಂಡು ತೂತಿನ, ದಪ್ಪನೆಯ, ನೋಡಲು ಏನೇನೂ ಚೆನ್ನಾಗಿಲ್ಲದ ತಗಡಿನ ಮೇಲೆ. ಅದಕ್ಕೆ ಕೊಕ್ಕೆಯನ್ನು ಬೋಲ್ಟ್ ಹಾಕಿಯೇ ಕೂರಿಸಬೇಕು.

"ನಾಳೆ ಜಾಗಾ ಬದಲ್ ಮಾಡಬೇಕಂದ್ರ ಏನ್ ಮಾಡ್ತೀರಿ?"

"ಬದಲಾಯ್ಸೋದೇ ಇಲ್ಲ. ಟೈಟ್ ಮಾಡ್ಬಿಡಿ ಗುರೂ. ನಾನು ಹೋದ್ರೂ ಕೊಕ್ಕೆ ಅಲ್ಲೇ ಇರ್ಬೇಕು."

ಅಂಗಡಿಯವರು ಟೇಪು ತೆಗೆದರು. ಅಣ್ಣ ಟೇಪು ಬೇಡವೆಂದು ತನ್ನ ಗೇಣಿನಲ್ಲೇ ಅಳೆದು, ಕೊಕ್ಕೆಗೂ ಕೊಕ್ಕೆಗೂ ಒಂದು ಗೇಣು ಬಿಟ್ಟು ಗುರುತು ಹಾಕಿಸಿದ. ಆಗ ಅವರು ಉತ್ಸಾಹದಿಂದ, "ಹಂಗಾರ ಒಂದೊಂದು ಸಾಮಾನಿನ ಸುತ್ತ ಹಳದಿ ಪೇಂಟಿಲೆ ಗೆರಿ ಹೊಡದ್ ಕೊಡ್ತೀನ್ರೀ. ಯಾವ್ದು ಎಲ್ಲಿ ಅಂತ ಕುರುಡಗೂ ತಿಳೀತೈತಿ," ಅಂದರು. ಪಾಪ, ಅವರಿಗೇನು ಗೊತ್ತು.

"ಬೇಡ," ಅಂದ ಅಣ್ಣ. ಆ ದನಿಗೆ ಅಂಗಡಿಯವರು ಟೇಪು ಸುತ್ತಿ ಜೇಬಿಗಿಟ್ಟರು. ನಾನು ಅಂಗಡಿಯವರಿಗೂ ಒಂದು ಕಾಫಿ ತರಿಸಿದೆ.

ಪ್ಯಾನೆಲ್ ಕೂತಿತು. ಹಿಂದಿನ ಬಾಗಿಲಲ್ಲಿ ನಿಂತು ಕೈ ಚಾಚಿದರೆ ಮೊದಲು ಸಿಗುವುದು ಎಡಗಡೆ ಮೇಲಿನ ಕೊಕ್ಕೆ. ಅಲ್ಲಿ ದೊಡ್ಡ ಪಾನಾ. ಅದರ ಪಕ್ಕ ಸಣ್ಣದು, ಕೆಳಗೆ ಗರಗಸ, ಆಚೆಗೆ ಸುತ್ತಿಗೆ, ಉಳಿ. ಸಂಜೆ ಮನೆಗೆ ಬಂದ ಮೇಲೂ ಗಾಡಿಯ ಹಿಂದೆ ನಿಂತು ಕಣ್ಣು ಮುಚ್ಚಿ, ತೆಗೆದು, ಇಟ್ಟು, ತೆಗೆದು, ಮಗ್ಗಿ ಒಪ್ಪಿಸುವ ಹಾಗೆ ಅಭ್ಯಾಸ ಮಾಡುತ್ತಿದ್ದ. ಅಮ್ಮ ಹೊಸ್ತಿಲಲ್ಲಿ ಕೂತು ಸೊಪ್ಪು ಬಿಡಿಸುತ್ತ, "ಏನೋ ಅದು, ಗಾಡಿಗೆ ಆರತಿ ಎತ್ತುತ್ತಿದ್ದೀಯಾ?" ಅನ್ನುತ್ತಿದ್ದಳು. ಕೆಲವೇ ವಾರಗಳಲ್ಲಿ ಕೈ ಪಳಗಿತು. ಫುಟ್‌ಪಾತಿನ ಮೇಲೆ ಬಕೆಟ್ ಸುರಿಯುವುದು ನಿಂತಿತು. ಕೆಲಸ ಮಾಡುವಾಗ ಅಣ್ಣ ಮತ್ತೆ ಸಿಳ್ಳೆ ಹಾಕತೊಡಗಿದ. ಅವನ ಸಿಳ್ಳೆಗೆ ರಾಗವೂ ಇಲ್ಲ ತಾಳವೂ ಇಲ್ಲ, ಆದರೂ ಅದನ್ನು ಕೇಳಿ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಅದೇ ದಿನಗಳಲ್ಲಿ ಅಮ್ಮನಿಗೆ ಇನ್ನೊಂದು ಹುಚ್ಚು ಹಿಡಿದಿತ್ತು. ದಿನದ ಸ್ಟೀಲ್ ತಟ್ಟೆಗೂ ಹಬ್ಬದ ಎಲೆಗೆ ಬಡಿಸಿದ ಹಾಗೆ ಬಡಿಸುವುದು. ಎಡಗಡೆ ಮೇಲೆ ಉಪ್ಪಿನಕಾಯಿ, ಬಲಗಡೆ ಪಲ್ಯ, ನಡುವೆ ಅನ್ನ. ನೀರಿನ ಲೋಟ ಕೂಡ ಅದದೇ ಜಾಗದಲ್ಲಿ. ನಾನೊಮ್ಮೆ ಅಣ್ಣನ ತಟ್ಟೆಯ ಬಲಕ್ಕೆ ಉಪ್ಪಿನಕಾಯಿ ಹಾಕಿದ್ದಕ್ಕೆ, "ಬಡಿಸೋ ಕ್ರಮ ಗೊತ್ತಿಲ್ವೇನೇ ನಿಂಗೆ?" ಅಂತ ರೇಗಿದಳು. ವಯಸ್ಸಾಯಿತು, ಮಡಿ ಜಾಸ್ತಿಯಾಯಿತು ಅಂದುಕೊಂಡೆ.

ಆಯುಧಪೂಜೆ ಬಂತು. ಬೆಳಿಗ್ಗೆ ನಾನೂ ಅಣ್ಣನೂ ಬಾಳೆಕಂದು, ಬೂದುಗುಂಬಳಕಾಯಿ, ಚೆಂಡುಹೂವು ತರಲು ಬನಶಂಕರಿ ಮಾರ್ಕೆಟ್ಟಿಗೆ ಸ್ಕೂಟರಿನಲ್ಲಿ ಹೋದೆವು. ಹಬ್ಬದ ನೂಕುನುಗ್ಗಲಲ್ಲಿ ತಡವಾಯಿತು. ಬರುವಷ್ಟರಲ್ಲಿ ಅಮ್ಮ ಅಷ್ಟೂ ಸಾಮಾನನ್ನು ಇಳಿಸಿ, ಹುಣಸೆಹಣ್ಣು ಹಾಕಿ ಉಜ್ಜಿ, ತೊಳೆದು, ಒರೆಸಿ, ವಿಭೂತಿ ಕುಂಕುಮ ಇಟ್ಟು, ಮತ್ತೆ ತೂಗುಹಾಕಿದ್ದಳು. ಪ್ಯಾನೆಲ್ ಮದುವಣಗಿತ್ತಿಯ ಹಾಗೆ ಕಂಡಿತು. ನಾವು ಹೂ ಮುಡಿಸಿದೆವು, ಮಂಗಳಾರತಿ ಎತ್ತಿ ಕಾಯಿ ಒಡೆದೆವು. ಪೂಜೆಗೆ ಇಟ್ಟ ಆಯುಧವನ್ನು ಮಾರನೆಯ ದಿನ ವಿಜಯದಶಮಿ ಕಳೆಯುವ ತನಕ ಮುಟ್ಟುವಂತಿಲ್ಲ, ನಮ್ಮ ಮನೆಯ ಪದ್ಧತಿ ಅದು. ಅಣ್ಣ ದೂರದಿಂದಲೇ ಕೈಮುಗಿದ.

ಹಬ್ಬ ಮುಗಿದ ಮೊದಲ ಬೆಳಿಗ್ಗೆಯೇ ಜೆ.ಪಿ. ನಗರದಿಂದ ಫೋನು. ಅಡುಗೆಮನೆಯ ಸಿಂಕಿನ ಕೆಳಗೆ ಪೈಪಿನ ಜಾಯಿಂಟು ಬಿಟ್ಟು ನೀರು ಹಾಲ್‌ಗೆ ನುಗ್ಗುತ್ತಿದೆ, ಓಡಿ ಬನ್ನಿ ಅಂತ ಆ ಮನೆಯ ಆಂಟಿ ಅಳುವ ದನಿಯಲ್ಲಿ ಹೇಳಿದರು. ಹೋದೆವು. ಟ್ಯಾಂಕಿನ ವಾಲ್ವ್ ಮುಚ್ಚಲು ನಾನು ಟೆರೇಸಿಗೆ ಓಡಿದೆ, ಅಣ್ಣ ಪಾನಾ ತರಲು ಗಾಡಿಯ ಹತ್ತಿರ ಹೋದ. ವಾಲ್ವ್ ತುಕ್ಕು ಹಿಡಿದು ಕೂತಿತ್ತು, ಜಪ್ಪಯ್ಯ ಅಂದರೂ ತಿರುಗಲಿಲ್ಲ. ಸಾಕಾಗಿ ಕೆಳಗೆ ಬಂದೆ.

ಅಣ್ಣ ಗಾಡಿಯ ಹಿಂದೆಯೇ ನಿಂತಿದ್ದ. ಒಂದು ಕೈಯಲ್ಲಿ ಗರಗಸ, ಬೆರಳಿನಿಂದ ರಕ್ತ. ಇನ್ನೊಂದು ಕೈ ಪ್ಯಾನೆಲ್ ಮೇಲೆ ಆ ಕೊಕ್ಕೆ ಈ ಕೊಕ್ಕೆ ಅಂತ ಅಲೆಯುತ್ತಿತ್ತು. ಸುತ್ತಿಗೆ ಸಿಕ್ಕಿತು, ಬಿಟ್ಟ. ಉಳಿ ಸಿಕ್ಕಿತು, ಬಿಟ್ಟ. ನೋಡಿದೊಡನೆ ನನಗೆ ತಿಳಿಯಿತು. ಅಮ್ಮ ಎಲ್ಲವನ್ನೂ ಪ್ರಾರ್ಥನೆಗೆ ನಿಂತ ಸ್ಕೂಲ್ ಮಕ್ಕಳ ಹಾಗೆ ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ತೂಗುಹಾಕಿದ್ದಳು. ಪೂಜೆಯ ದಿನ ಅಷ್ಟು ಚಂದ ಕಂಡದ್ದು ಅದಕ್ಕೇ.

ಅಷ್ಟರಲ್ಲಿ ಆಂಟಿ ಸೀರೆ ಎತ್ತಿ ಸಿಕ್ಕಿಸಿಕೊಂಡು ಗೇಟಿಗೆ ಬಂದರು. "ಏನಪ್ಪಾ ಹುಡುಕ್ತಿದ್ದೀಯ? ಪಾನಾ ತಾನೆ? ಅಲ್ಲೇ ಕೊನೇಲಿದೆಯಲ್ಲ. ಕಾಣಲ್ವಾ?"

ಯಾರಾದರೂ ಯಾರಿಗಾದರೂ ಅನ್ನುವ ಮಾತು. ಅಣ್ಣನ ಮುಖ ಕಿವಿಯವರೆಗೂ ಕೆಂಪೇರಿತು. ನಾನು ಪಾನಾ ತೆಗೆದು ಅವನ ಕೈಗೆ ಕೊಟ್ಟೆ. ಒಳಗೆ ಹೋಗಿ, ನೀರಿನಲ್ಲಿ ಮಂಡಿಯೂರಿ, ಕೆಲಸ ಮುಗಿಸಿದ. ಅಚ್ಚುಕಟ್ಟಾದ ಕೆಲಸ, ಒಂದು ಹನಿ ಜಿನುಗಲಿಲ್ಲ. ಆಂಟಿ ಹೊಗಳಿದರು, ಕಾಫಿ ಕೊಟ್ಟರು. ಅವನು ಕುಡಿಯಲಿಲ್ಲ.

ದಾರಿಯಲ್ಲಿ ಬಸ್ ಬಂತು, ಮರ ಬಂತು, ಅಣ್ಣ ಬಾಯಿ ಬಿಡಲಿಲ್ಲ. ಕುಮಾರಸ್ವಾಮಿ ಲೇಔಟಿನ ತಿರುವಿಗೆ ಬಂದಾಗ ಹೇಳಿದ. "ಹುಳಿಮಾವಿನೋನಿಗೆ ಫೋನ್ ಮಾಡು."

"ಅಮ್ಮ ತೊಳೆದು ಇಡುವಾಗ ಹಿಂದೆಮುಂದೆ ಆಗಿದೆ ಅಷ್ಟೇ ಕಣೋ."

"ಇವತ್ತು ಅಮ್ಮ. ನಾಳೆ ಇನ್ಯಾರೋ. ಮಾಡು ಅಂದ್ರೆ ಮಾಡು."

ಹೊಸ್ತಿಲು ದಾಟುತ್ತಲೇ ಅಮ್ಮನಿಗೂ ಹೇಳಿಬಿಟ್ಟ. "ಗಾಡಿ ಮಾರ್ತಿದ್ದೀನಮ್ಮ." ಅಮ್ಮ ಅವನ ಬೆರಳಿನ ಬ್ಯಾಂಡೇಜ್ ನೋಡಿದಳು, ನನ್ನ ಮುಖ ನೋಡಿದಳು. "ಕೈಕಾಲು ತೊಳ್ಕೊಂಡು ಊಟಕ್ಕೆ ಬಾ," ಅಂದಳು.

ತಟ್ಟೆ ಬಂತು. ಎಡಗಡೆ ಮೇಲೆ ಉಪ್ಪಿನಕಾಯಿ, ಬಲಗಡೆ ಹುರುಳಿಕಾಯಿ ಪಲ್ಯ. ಅಣ್ಣ ತಲೆ ತಗ್ಗಿಸಿ ಕಲಸುತ್ತಿದ್ದ. ನನಗೆ ತಡೆಯಲಾಗಲಿಲ್ಲ.

"ಹಬ್ಬದ ದಿನ ಸಾಮಾನಿನ ಜಾಗ ಯಾಕಮ್ಮ ಬದಲಾಯ್ಸಿದೆ?"

"ಚೆನ್ನಾಗಿ ಕಾಣ್ಲಿ ಅಂತ ಸಾಲಾಗಿ ಇಟ್ಟೆ. ಸದ್ದು ತಪ್ಪಬೇಕು ಅಂತ ತಾನೆ ಅದನ್ನ ಹಾಕ್ಸಿದ್ದು? ಯಾವ್ದು ಎಲ್ಲಿದ್ರೇನು?"

ಅಣ್ಣನ ಕೈ ನಿಂತಿತು. "ಸದ್ದಿಗಲ್ಲಮ್ಮ," ಅಂದ. "ನಂಗೆ ಕಣ್ಣು..."

"ಗೊತ್ತು," ಅಂದಳು ಅಮ್ಮ.

ನಾವಿಬ್ಬರೂ ಅವಳನ್ನೇ ನೋಡಿದೆವು. ಅವಳು ಮಜ್ಜಿಗೆಗೆ ಉಪ್ಪು ಹಾಕಿ ಕಲಕುತ್ತಿದ್ದಳು. "ಯಾವತ್ತೋ ಗೊತ್ತು. ಪಲ್ಯ ಪಕ್ಕದಲ್ಲೇ ಇದ್ರೂ ನೀನು ಪಲ್ಯ ಇಲ್ವಾ ಅಂತ ಕೇಳ್ತಿದ್ದೆ. ಹೆತ್ತೋಳಿಗೆ ಗೊತ್ತಾಗಲ್ವಾ? ನೀನಾಗಿ ಹೇಳ್ಲಿ ಅಂತ ಸುಮ್ನಿದ್ದೆ. ಆ ತಗಡು ನಿನ್ನ ಕಣ್ಣಿಗೆ ಅಂತ ಗೊತ್ತಿದ್ರೆ ನಾನ್ಯಾಕೋ ಮುಟ್ತಿದ್ದೆ?" ಸೆರಗಿನಿಂದ ಮೂಗು ಒರೆಸಿಕೊಂಡು, ಎದ್ದು ಬಂದು ಅವನ ಎದುರಿಗೆ, ಅವನಿಗೆ ನೆಟ್ಟಗೆ ಕಾಣುವ ಹಾಗೆ ಕೂತಳು.

"ತಟ್ಟೇಲಿ ಉಪ್ಪಿನಕಾಯಿ ಎಲ್ಲಿದೆ ಹೇಳು."

"ಎಡಗಡೆ ಮೇಲೆ."

"ನೋಡಿ ಹೇಳಿದ್ಯಾ?"

"ಇಲ್ಲ."

"ಇಷ್ಟು ದಿನ ನೋಡ್ದೇನೆ ತಾನೆ ಊಟ ಮಾಡಿದ್ದು? ಹೊಟ್ಟೆ ತುಂಬ್ಲಿಲ್ವಾ?"

ಅಣ್ಣ ಉಪ್ಪಿನಕಾಯಿಗೆ ಬೆರಳು ತಾಕಿಸಿದ.

"ಪಾನಾ ಎಲ್ಲಿರ್ಬೇಕು?"

"ಎಡಗಡೆ ಮೇಲೆ," ಅಂದ.

"ಹಾಗಾದ್ರೆ ಊಟ ಮುಗಿಸಿ ಬಾ. ಹೇಗೆ ಬಡಿಸ್ಬೇಕು ಹೇಳು, ಹಾಗೇ ಬಡಿಸ್ತೀನಿ."

ಅವತ್ತು ಮಧ್ಯಾಹ್ನ ನಮ್ಮಮ್ಮ ಸೀರೆ ಎತ್ತಿ ಕಟ್ಟಿಕೊಂಡು, ನನ್ನ ಭುಜ ಹಿಡಿದು ಪಿಕಪ್ಪಿನ ಹಿಂಭಾಗಕ್ಕೆ ಹತ್ತಿದಳು. ಅಣ್ಣ ಕೆಳಗೆ ನಿಂತು ಒಂದೊಂದನ್ನೇ ಕೂಗಿ ಹೇಳಿದ, ಅವಳು ಒಂದೊಂದನ್ನೇ ತೂಗುಹಾಕಿದಳು. ಎಲ್ಲ ಆದ ಮೇಲೆ ಹಳದಿ ಪೇಂಟು ತರಲು ನನ್ನನ್ನು ಅಂಗಡಿಗೆ ಅಟ್ಟಿದಳು. ಅಣ್ಣ ಗೊಣಗಿದ. "ನಿಂಗಲ್ಲ ಸುಮ್ನಿರೋ," ಅಂದಳು. "ಇದು ಕಣ್ಣಿದ್ದೂ ತಪ್ಪಿಡೋರಿಗೆ." ಬಾಗಿಲ ಮುಂದೆ ಹಾಕುವಷ್ಟೇ ಶ್ರದ್ಧೆಯಿಂದ ಪ್ರತಿ ಸಾಮಾನಿನ ಸುತ್ತ ಗೆರೆ ಎಳೆದಳು. ರಂಗೋಲಿಯ ಕೈ, ಎಲ್ಲೂ ಅಳುಕಲಿಲ್ಲ. ದೊಡ್ಡ ಪಾನಾದ ತಲೆಯ ಹತ್ತಿರ ಒಂದು ಸಣ್ಣ ಬಳ್ಳಿಯನ್ನೂ ಸೇರಿಸಿದಳು, ಅದರ ಅಗತ್ಯ ಏನೂ ಇರಲಿಲ್ಲ.

ಮುಂದಿನ ವಾರ ನಾವು ಬಿಳೇಕಹಳ್ಳಿಯ ಕೆಲಸಕ್ಕೆ ಹೊರಟಿದ್ದಾಗ ಹುಳಿಮಾವಿನವನೇ ಫೋನ್ ಮಾಡಿದ. ನಾನು ಸ್ಟೇರಿಂಗ್ ಹಿಡಿದಿದ್ದೆ, ಅಣ್ಣ ಎತ್ತಿದ. ಆ ಕಡೆಯಿಂದ ಏನು ಕೇಳಿದನೋ ಕೇಳಿಸಲಿಲ್ಲ.

"ಇಲ್ಲ ಗುರೂ, ಗಾಡಿ ಕೊಡಕ್ಕಾಗಲ್ಲ," ಅಂದ ಅಣ್ಣ. "ನಮ್ಮಮ್ಮ ಅದಕ್ಕೆ ರಂಗೋಲಿ ಹಾಕ್ಬಿಟ್ಟಿದ್ದಾರೆ."