ಓಣಿ ಕೇಳಿ ಕೊಟ್ಟ ರೋಗ

ಅಪ್ಪನ ಬಲಗಾಲಿನ ಹೆಬ್ಬೆರಳನ್ನು ಗೌಟ್ ಎಂಬ ಕೀಲುರೋಗ ತಿಂದುಹಾಕಿತು ಎಂದು ಅಪ್ಪನ ಅಕ್ಕ, ಔರಾದದ ಅತ್ತೆ, ಹೇಳುತ್ತಾರೆ. ಕೇಳುವವರು ಸಿಕ್ಕರೆ ಇನ್ನೂ ಹೇಳುತ್ತಾರೆ: ಭಾಲ್ಕಿಯ ಡಾಕ್ಟರು ಎಂಥ ಜಾಣರು, ನನ್ನ ತಮ್ಮ ಕುಂಟುತ್ತ ಬಾಗಿಲೊಳಗೆ ಬಂದದ್ದನ್ನು ನೋಡಿಯೇ ರೋಗ ಹಿಡಿದರು, ಕಾಲು ಮುಟ್ಟಲೂ ಇಲ್ಲ. ಈ ಕಥೆಯಲ್ಲಿ ನಿಜವಾದ ಮಾತು ಒಂದೇ. ಕಾಲು ಮುಟ್ಟಲಿಲ್ಲ.

ನನಗೆ ಗೊತ್ತು, ಏಕೆಂದರೆ ಭಾತಂಬ್ರಾದಿಂದ ಅಪ್ಪನನ್ನು ಭಾಲ್ಕಿಗೆ ಕರೆದೊಯ್ದವಳು ನಾನೇ. ನಾನು ಬೀದರಿನಲ್ಲಿ ಕಾನೂನು ಓದುತ್ತೇನೆ, ನೌಬಾದದಲ್ಲಿ ಬಾಡಿಗೆ ರೂಮು. ಅಪ್ಪ ನಿವೃತ್ತ ಮಾಸ್ತರರು, ಹಳೆಯ ಸಕ್ಕರೆ ಕಾಯಿಲೆಯವರು. ಹೆಬ್ಬೆರಳ ಬುಡದ ಗಂಟು ಊದಿ ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು, ಬೆರಳ ಸಂದಿಯಲ್ಲಿ ಚಪ್ಪಲಿ ಕಚ್ಚಿದ ಗಾಯ, ಮೈ ಸುಡುವ ಜ್ವರ.

ಆ ಡಾಕ್ಟರರ ಹೆಸರಿರುವುದೇ ಕುರ್ಚಿ ಬಿಟ್ಟು ಏಳದೆ ರೋಗ ಹೇಳುವುದರಲ್ಲಿ. ಜನ ಅದಕ್ಕಾಗಿಯೇ ಹೋಗುತ್ತಾರೆ. ಮುಟ್ಟಿ, ಒತ್ತಿ, ಮತ್ತೆ ಮತ್ತೆ ಕೇಳುವ ಡಾಕ್ಟರು ನಮ್ಮ ಕಡೆಯವರ ಲೆಕ್ಕದಲ್ಲಿ ಇನ್ನೂ ಕಲಿಯುತ್ತಿರುವವ.

"ಗೌಟ್," ಎಂದರು, ಅಪ್ಪ ಸ್ಟೂಲಿನ ಮೇಲೆ ಕೂರುವ ಮೊದಲೇ. "ಯಾವೂರ್ರಿ?"

"ಭಾತಂಬ್ರಾ ರೀ ಸಾಹೇಬ್ರ."

"ಯಾವ ಓಣಿರಿ?"

"ಬುದ್ಧ ವಿಹಾರದ ಓಣಿ ರೀ."

ವಿಹಾರದ ಸುತ್ತ ಬೌದ್ಧರಾದ ದಲಿತರ ಮನೆಗಳಿರುತ್ತವೆ ಎಂಬುದನ್ನು ಭಾಲ್ಕಿಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಡಾಕ್ಟರು ನಕ್ಕರು. "ಹಂಗಾದ್ರ ಪರೀಕ್ಷಾ ಮುಗೀತು. ಮಟನ್ ಜೋರ್, ಸಂಜಿಗಿ ಸ್ವಲ್ಪ ದಾರು. ಹೌದಲ್ಲ ಮುತ್ಯಾ?"

ಓಣಿ ಕೇಳುವವರೆಗೆ ಅವರ ಮಾತಿನ ಕೊನೆಗೆ ಇದ್ದ 'ರಿ' ಅಲ್ಲಿಗೆ ಉದುರಿತ್ತು. ಅಮ್ಮ ತೀರಿಕೊಂಡ ಮೇಲೆ ಅಪ್ಪ ಮಾಂಸ ಬಿಟ್ಟಿದ್ದಾರೆ. ದಾರು ಜನ್ಮದಲ್ಲಿ ಮುಟ್ಟಿದವರಲ್ಲ. ಕುಡಿದು ಬಂದ ತಂದೆಯರನ್ನು ಶಾಲೆಯ ಮೆಟ್ಟಿಲಿನಿಂದಲೇ ಹಿಂದಕ್ಕೆ ಕಳಿಸುತ್ತಿದ್ದವರು. ಅಂಥವರು ಅಂದರು: "ಹೌದ್ರಿ."

ನಾನು ಸುಮ್ಮನಿರಲಿಲ್ಲ. "ಇಲ್ರಿ ಸರ್, ಎರಡೂ ಇಲ್ಲ. ಜ್ವರ ಅದ, ಸಕ್ಕರಿ ಅದ, ಬೆರಳ ಸಂದ್ಯಾಗ ಗಾಯ ಅದ. ಒಮ್ಮಿ ಕಾಲ್ ನೋಡ್ರಿ."

"ಏನ್ ಓದ್ತಿ ನೀ?"

"ಲಾ."

"ಹಂಗಾದ್ರ ಕೋರ್ಟಿನ್ಯಾಗ ವಾದ ಮಾಡು. ಅಪ್ಪ ಮಗಳ ಮುಂದ ಕುಂತು ಕುಡಿತಾನೇನು?"

ಬೆಂಚಿನ ಮೇಲೆ ಸರದಿ ಕಾಯುತ್ತಿದ್ದವರೆಲ್ಲ ನಕ್ಕರು. ಅಪ್ಪನೂ ನಕ್ಕರು. ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಇಂಥ ನಗುವಿಗೆ ಅಂಕವಿಲ್ಲ. ದವಾಖಾನೆಯಲ್ಲಿ ಆ ನಗುವೇ ತೀರ್ಪು.

ರಕ್ತದಲ್ಲಿ ಗೌಟಿನ ಗುರುತು ಎನ್ನುವ ಯೂರಿಕ್ ಆಸಿಡ್ ಸ್ವಲ್ಪ ಹೆಚ್ಚು ಬಂತು. ಅವರಿಗೆ ಅಷ್ಟು ಸಾಕಾಯಿತು. ಊತ ಇಳಿಸಲು ಸ್ಟೆರಾಯ್ಡ್ ಇಂಜೆಕ್ಷನ್, ಕೈತುಂಬ ಗುಳಿಗೆ, ಮೇಲೊಂದು ಉಪದೇಶ: ಮಾಂಸ ಬಂದ್, ದಾರು ಬಂದ್, ಬೇಳೆಯೂ ಬಂದ್.

ನೋವು ಇಳಿಯಿತು. ಕೆಟ್ಟದ್ದಾದದ್ದು ಅದರಿಂದಲೇ. ಇಳಿಯದಿದ್ದರೆ ಅಪ್ಪ ನನ್ನ ಮಾತು ಕೇಳಿ ಬೀದರಿಗೆ ಬರುತ್ತಿದ್ದರೇನೋ. ನಾನು ಕಾಲೇಜಿಗೆ ಮರಳಿದೆ. ಆರೈಕೆಗೆಂದು ಔರಾದದಿಂದ ಅತ್ತೆ ಬಂದರು, ಬಂದವರೇ ತೊಗರಿಬೇಳೆಯ ಡಬ್ಬಿಯನ್ನು ಅಟ್ಟಕ್ಕೇರಿಸಿದರು. ಆಮೇಲೆ ಅಪ್ಪನ ಟ್ರಂಕು ತೆಗೆದು ಬಟ್ಟೆಗಳನ್ನೆಲ್ಲ ಕೊಡವಿದರು.

"ದಾರು ಮುಟ್ಟಲ್ಲಂತ ಬುದ್ಧನ ಪಂಚಶೀಲ ಬಾಯಾಗ. ಬಾಟ್ಲಿ ಎಲ್ಲಿಟ್ಟಿ ಹೇಳು ತಮ್ಮಾ," ಎಂದರಂತೆ. "ಕದ್ದು ತಿಂದದ್ದು ಬೆರಳಿಗಿ ಬಂದದ. ಡಾಕ್ಟರ್ ಏನ್ ಸುಳ್ಳ ಹೇಳ್ತಾರ?"

ಬಾಟಲಿ ಸಿಗಲಿಲ್ಲ. ಸಿಗದ್ದರಿಂದ ಅಪ್ಪ ಇನ್ನಷ್ಟು ದೊಡ್ಡ ಕಳ್ಳರಾದರು. ನೋಡಲು ಬಂದ ಓಣಿಯ ಗಂಡಸರು "ಮಾಸ್ತರ, ಒಬ್ರೇ ಒಬ್ರೇ ಮುಗಿಸಿದ್ರಲ್ಲ, ನಮಗೂ ಕರೀಬಾರ್ದೇನ್ರಿ?" ಎಂದು ಚಹಾ ಕುಡಿದು ಹೋದರು. ಬೆರಳು ಕಪ್ಪಾಗಿ ವಾಸನೆ ಬಂದಾಗ ಅತ್ತೆ ಮಾಡಿದ್ದು ಒಂದೇ ಕೆಲಸ: ಮಂಚದ ಪಕ್ಕ ಊದಿನಕಡ್ಡಿ ಹಚ್ಚಿದರು. ನನಗೆ ಫೋನು ಮಾಡಿದವರು ಪಕ್ಕದ ಮನೆಯವರು, ಹೊಗೆ ತಮ್ಮ ಕಿಟಕಿಗೆ ಬರುತ್ತಿದೆ ಎಂಬ ತಕರಾರಿಗೆ.

ನಾನು ಹೋಗಿ ಅಪ್ಪನನ್ನು ಕರೆತಂದೆ. ಬೀದರಿನ ಆಸ್ಪತ್ರೆಯಲ್ಲಿ ಸರ್ಜನ್ ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತು ಕಾಲನ್ನು ಕೈಗೆ ತೆಗೆದುಕೊಂಡರು. ಗಂಟಿಗೆ ಸೂಜಿ ಹಾಕಿ ಒಳಗಿನ ದ್ರವ ಎಳೆದರು. ಗೌಟ್ ಆಗಿದ್ದರೆ ಆ ದ್ರವದಲ್ಲಿ ಮೊನಚಾದ ಹರಳುಗಳು ಕಾಣಬೇಕಂತೆ. ಹರಳು ಕಾಣಲಿಲ್ಲ. ಬಂದದ್ದು ಕೀವು.

"ಯೂರಿಕ್ ಆಸಿಡ್ ಹೆಚ್ಚಿದ್ದೋರು ಭಾಳ ಮಂದಿ ಅದಾರ, ಎಲ್ಲಾರಿಗೂ ಗೌಟ್ ಇರಲ್ಲ," ಎಂದರು. "ಸಕ್ಕರಿ ಇದ್ದೋರಿಗಿ ಗಂಟು ಕೆಂಪಾಗಿ ಜ್ವರ ಬಂದ್ರ, ಒಳಗ ಕೀವು ಇಲ್ಲಂತ ಮೊದ್ಲು ಖಾತ್ರಿ ಮಾಡ್ಕೋಬೇಕು. ಆ ಇಂಜೆಕ್ಷನ್ ಊತ ಮುಚ್ಚಿಟ್ಟದ, ಕೀವಿಗಿ ದಾರಿ ಮಾಡ್ಯದ. ಭಾಲ್ಕ್ಯಾಗ ಏನ್ ನೋಡಿ ಗೌಟ್ ಅಂದ್ರು?"

"ನೋಡ್ಲಿಲ್ರಿ. ಓಣಿ ಕೇಳಿದ್ರು."

ಸರ್ಜನ್ ಕೈಗವಸು ತೆಗೆದರು. ಮರುದಿನ ಬೆರಳು ತೆಗೆದರು.

ರಿಪೋರ್ಟು ಹಿಡಿದು ಭಾಲ್ಕಿಗೆ ಹೋದೆ. ಡಾಕ್ಟರು ಕುರ್ಚಿಯಲ್ಲೇ ಇದ್ದರು. ಕಾಗದ ಓದಿ ಮೇಜಿನ ಮೇಲೆ ನನ್ನ ಕಡೆಗೇ ಸರಿಸಿದರು.

"ನಿಮ್ಮಪ್ಪನೇ ಹೌದಂದಾನ. ಇಷ್ಟ್ ಮಂದಿ ಕೇಳ್ಯಾರ."

"ಅವರು ತಿಂದಿದ್ರೂ ಕಾಲು ನೋಡಬೇಕಿತ್ತಲ್ರಿ. ಮಟನ್ ತಿನ್ನೋರ ಕಾಲಿನ್ಯಾಗ ಕೀವು ಆಗಲ್ಲೇನ್ರಿ?"

"ಮುಂದಿನೋರು ಬರ್ರಿ," ಎಂದರು ಬಾಗಿಲಿನ ಕಡೆ ನೋಡಿ. ಹೆಗಲಿಗೆ ಟವೆಲ್ ಹಾಕಿದ್ದ ಒಬ್ಬರು ಒಳಗೆ ಬಂದರು. ಅವರು ಕೂರುವ ಮೊದಲೇ ರೋಗದ ಹೆಸರು ಕೇಳಿಸಿತು. ಅವರ ಮುಖದಲ್ಲಿ ಎಂಥ ಸಮಾಧಾನ.

ಈಗ ಅಪ್ಪ ನನ್ನ ರೂಮಿನಲ್ಲಿದ್ದಾರೆ. ಗಾಯ ಮೇಲಕ್ಕೆ ಏರಿದರೆ ಪಾದವೂ ಹೋಗಬಹುದು ಎಂದಿದ್ದಾರೆ ಸರ್ಜನ್. ಮೊನ್ನೆ ಪಟ್ಟಿ ಬದಲಿಸಲು ಹೋದಾಗ ಹೊಸ ನರ್ಸ್ ಇದ್ದಳು. ಚಿಕ್ಕ ಕೋಣೆ, ನಾವು ಮೂವರೇ. ಅವಳು ಪಟ್ಟಿ ಬಿಚ್ಚುತ್ತ ಅಕ್ಕರೆಯಿಂದಲೇ ಕೇಳಿದಳು, "ಏನಾಗಿತ್ರಿ ಕಾಕಾ?"

"ಗೌಟ್ ಆಗಿತ್ತವಾ," ಎಂದರು ಅಪ್ಪ. "ನಂದೇ ತಪ್ಪು. ಊಟದಾಗ ಹಿಡಿತ ಇರ್ಲಿಲ್ಲ."

ನರ್ಸ್ ತಲೆಯಾಡಿಸಿದಳು. ಕಾರ್ಡಿನ ಮೇಲೆ ಹಾಗೆಯೇ ಬರೆಯಲು ಪೆನ್ನು ತೆಗೆದಳು. ನಾನು ಅವಳ ಕೈ ತಡೆದೆ. ಅಪ್ಪ ಕಿಟಕಿಯತ್ತ ಮುಖ ತಿರುಗಿಸಿದರು. ಅವರು ನನ್ನನ್ನು ನೋಡಲಿ ಎಂದು ಕಾದು, ನೋಡದಿದ್ದಾಗ ಕೇಳಿದೆ:

"ಅಪ್ಪಾ, ಇಲ್ಲಿ ನಗೋರು ಯಾರೂ ಇಲ್ಲ. ಈಗ ಯಾರಿಗಿ ಅಂಜಿ ಸುಳ್ಳ ಹೇಳಿದ್ರಿ?"