ಅಮಾವಾಸ್ಯೆ ದಿನದ ಅಪ್‌ಡೇಟ್

ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ, ನಮ್ಮನೆಯದೂ ಸೇರಿ, ಮಗ್ಗಗಳೆಲ್ಲ ಒಟ್ಟಿಗೆ ನಿಲ್ಲುವುದು ಅಮಾವಾಸ್ಯೆಯಂದು ಮಾತ್ರ. ಮನೆಯಲ್ಲೇ ಹಾಡು ರೆಕಾರ್ಡ್ ಮಾಡೋಕೆ ನನಗೆ ಸಿಗೋದು ತಿಂಗಳಿಗೆ ಅದೊಂದೇ ದಿನ. ಹೋದ ವರ್ಷ ಅಂಥದ್ದೊಂದು ಬೆಳಿಗ್ಗೆ ಮೈಕ್ ಸಿಕ್ಕಿಸಿ, ಶ್ರುತಿ ಹಿಡಿದು ಕೂತೆ. ಲ್ಯಾಪ್‌ಟಾಪ್ ತಾನಾಗಿಯೇ ಅಪ್‌ಡೇಟ್ ಶುರು ಮಾಡಿಕೊಂಡುಬಿಟ್ಟಿತು. ಸಂಜೆಯವರೆಗೂ ಪರದೆಯ ಮೇಲೆ ಆ ಚಕ್ರ ತಿರುಗುತ್ತಲೇ ಇತ್ತು. ಮಾರನೇ ದಿನ ಮಗ್ಗಗಳ ಸದ್ದು ಶುರುವಾಯಿತು, ನನ್ನ ಒಂದು ತಿಂಗಳು ಮಣ್ಣುಪಾಲಾಯಿತು.

ಆ ಸಿಟ್ಟಿಗೇ ಲ್ಯಾಪ್‌ಟಾಪ್‌ನಲ್ಲಿದ್ದ ವಿಂಡೋಸ್ ತೆಗೆಸಿ, ಅದರ ಬದಲು ಲಿನಕ್ಸ್ ಹಾಕಿಸಿಕೊಳ್ಳೋಣ ಅಂತ ಕಂಪ್ಯೂಟರ್ ಅಂಗಡಿಗೆ ಹೋದೆ. ಅಂಗಡಿಯವನು ನಕ್ಕ. "ಅದೆಲ್ಲ ಇಂಜಿನಿಯರ್‌ಗಳಿಗೆ ಅಕ್ಕಾ. ನಿಮ್ಮ ಕೈಲಿ ಆಗಲ್ಲ ಬಿಡಿ."

"ಸಾವಿರಾರು ಎಳೆ ನಡುವೆ ಕಡಿದಿರೋ ಒಂದೆಳೆ ಹುಡುಕಿ ಗಂಟು ಹಾಕೋ ಕೈ ಕಣಪ್ಪಾ ಇದು" ಅಂದು ಎದ್ದು ಬಂದೆ.

ಮನೆಯಲ್ಲಿ ನಾನೇ ಲಿನಕ್ಸ್ ಹಾಕಿದೆ. ಮೈಕ್ ಅದಕ್ಕೆ ಕೇಳಿಸುವಂತೆ ಮಾಡೋಕೆ ಹತ್ತು ದಿನ ಒದ್ದಾಡಿದೆ, ಬಿಡಲಿಲ್ಲ.

ಮುಂದಿನ ಅಮಾವಾಸ್ಯೆ ಬೆಳಿಗ್ಗೆ ಇದಕ್ಕೂ ಒಂದು ಅಪ್‌ಡೇಟ್ ಬಂತು. ಈಗ ಹಾಕಲೇ, ಆಮೇಲೆ ಹಾಕಲೇ ಅಂತ ಕೇಳಿತು. ಆಮೇಲೆ ಅಂದೆ. ಸುಮ್ಮನಾಯಿತು. ಮದುವೆಯಾಗಿ ಬಂದ ಮೇಲೆ ಈ ಮನೆಯಲ್ಲಿ ನನ್ನನ್ನೊಂದು ಮಾತು ಕೇಳಿದ್ದು ಅದೇ ಮೊದಲು. ಗಂಟಲು ಬಿಚ್ಚಿ ಹಾಡಿದೆ.