ಮಾರುಕಟ್ಟೆ ತೆರೆದ ದಿನ

ಪೀಠಿಕೆ ಎಂಬುದು ಅವಳಿಗೆ ಹೆತ್ತವರು ಇಟ್ಟ ಹೆಸರಲ್ಲ. ಊರಿನ ಹಳೆಯ ಮಾರುಕಟ್ಟೆಯ ಚರಿತ್ರೆಯನ್ನು ಸಂಶೋಧಿಸಲೆಂದು 2016ರ ಜುಲೈ 11, ಸೋಮವಾರ ವಿಶ್ವವಿದ್ಯಾಲಯದ ಇತಿಹಾಸ ವಿಭಾಗಕ್ಕೆ ಸೇರಿದವಳು, ಆದಿಮಾನವ ಬೆಂಕಿ ಹೊತ್ತಿಸಿದಲ್ಲಿಂದ ಬರೆಯತೊಡಗಿ, ನಲವತ್ತು ಪುಟ ದಾಟಿದರೂ ಮಾರುಕಟ್ಟೆಯ ಬಾಗಿಲು ಮುಟ್ಟಿರಲಿಲ್ಲ. ಸಹಪಾಠಿಗಳು ಹಾಗೆ ಕರೆದರು, ಹೆಸರು ನಿಂತಿತು.

ಅವಳು ಬರೆದದ್ದರ ಅಂಚಿನುದ್ದಕ್ಕೂ ಮಾರ್ಗದರ್ಶಕರು ಕೆಂಪು ಶಾಯಿಯಲ್ಲಿ ಒಂದೇ ಪ್ರಶ್ನೆ ಹಾಕುತ್ತಿದ್ದರು: ಯಾರು ಹೇಳಿದ್ದು? ಮೊದಲ ವರ್ಷ ಅವಳು ಅತ್ತಳು. ಎರಡನೆಯ ವರ್ಷ ಹಟಕ್ಕೆ ಬಿದ್ದು, ಮಳೆ ಬಂದರೆ ತರಕಾರಿ ನೆನೆಯುತ್ತದೆ ಎಂಬ ಮಾತಿಗೂ ಅಡಿಟಿಪ್ಪಣಿ ಕೊಟ್ಟಳು.

“ಇದಕ್ಕೂ ಯಾಕಮ್ಮ?”

“ನೀವು ಕೇಳ್ತೀರಲ್ಲ ಸರ್.”

“ತಲೆ ಚಿಟ್ಟು ಹಿಡಿಸ್ತೀಯ. ಅನುಮಾನ ಬರೋ ಕಡೆ ಹಾಕು.”

ಅನುಮಾನ ಎಲ್ಲಿ ಬರಬೇಕೆಂಬುದೇ ಅವಳಿಗೆ ಗೊತ್ತಿರಲಿಲ್ಲ. ಅದು ಗೊತ್ತಾಗುವ ಹೊತ್ತಿಗೆ ಮೂರನೆಯ ವರ್ಷ ಮುಗಿಯುತ್ತ ಬಂದಿತ್ತು, ಪೀಡೆ ಮನೆಗೂ ಹಬ್ಬಿತ್ತು. ದೊಡ್ಡಪ್ಪನ ಮಗಳಿಗೆ ಗಂಡು ಗೊತ್ತಾಯಿತೆಂದು ಅಮ್ಮ ಹೇಳಿದರೆ, “ಯಾರು ಹೇಳಿದ್ದು?” ಎಂದಳು.

“ನಿನ್ನ ಚಿಕ್ಕಮ್ಮ. ಅವಳಿಗೆ ಯಾರು ಹೇಳಿದ್ರು ಅಂತೇನಾದ್ರೂ ಕೇಳಿದ್ಯೋ, ಸೌಟು ತಗೋತೀನಿ ನೋಡು.”

ಆ ಮಾತು ಅವಳ ತಲೆಯೊಳಗೆ ಹುಳ ಬಿಟ್ಟಿತು. ಮಾರುಕಟ್ಟೆ ತೆರೆದದ್ದು 1911ರ ಜೂನ್ 3ರಂದು ಎಂದು ಅವಳು ಬರೆದಿದ್ದಳು. ಮಾರ್ಗದರ್ಶಕರ ಪುಸ್ತಕದ 1998ರ ಎರಡನೆಯ ಮುದ್ರಣದಲ್ಲಿ ಹಾಗಿತ್ತು. ಆದರೆ ಅವರಿಗೆ ಯಾರು ಹೇಳಿದ್ದು? ಅಡಿಟಿಪ್ಪಣಿ ನೋಡಿದಳು: ವಿಭಾಗದ ಮುಖ್ಯಸ್ಥರ 1994ರ ಪುಸ್ತಕ. ಮುಖ್ಯಸ್ಥರಿಗೆ ಹೇಳಿದ್ದು ಪಕ್ಕದ ಕೋಣೆಯ ಮೇಡಂ ಅವರ 1991ರ ಲೇಖನ. ಮೇಡಂ ಅವರಿಗೆ ಹೇಳಿದ್ದು ಮಾರ್ಗದರ್ಶಕರದೇ ಪುಸ್ತಕ, 1988ರ ಮೊದಲ ಮುದ್ರಣ. ಅದರಲ್ಲಿ ದಿನಾಂಕವಿತ್ತು, ಅಡಿಟಿಪ್ಪಣಿ ಇರಲಿಲ್ಲ. ಒಂದೇ ಕಾರಿಡಾರಿನ ಮೂವರು ಹತ್ತು ವರ್ಷ ಒಬ್ಬರ ಬೆನ್ನಿಗೊಬ್ಬರು ಒರಗಿ ನಿಂತಿದ್ದರು. ನಗರಸಭೆಯ ಕಡತಗಳಲ್ಲಾಗಲಿ ಆ ಕಾಲದ ಪತ್ರಿಕೆಗಳಲ್ಲಾಗಲಿ ಅಂಥ ದಿನಾಂಕದ ಸುಳಿವೇ ಇಲ್ಲ.

2019ರ ಏಪ್ರಿಲ್ 17ರೊಳಗೆ ಮಾರ್ಗದರ್ಶಕರ ಸಹಿಯೊಡನೆ ಪ್ರಬಂಧ ಕಚೇರಿ ಸೇರದಿದ್ದರೆ ನೋಂದಣಿ ರದ್ದಾಗುತ್ತಿತ್ತು. ಬಾಯಿ ಮುಚ್ಚಿಕೊಂಡು ಹಳೆಯ ವಾಕ್ಯವನ್ನೇ ಉಳಿಸಿಕೊಂಡಿದ್ದರೆ ಕೆಲಸ ಸಲೀಸು. ಮೂರು ವರ್ಷ ತನ್ನ ಪ್ರಾಣ ತಿಂದವರ ಮೇಲಿನ ಸಿಟ್ಟಿಗೋ, ಅವರೇ ಹಚ್ಚಿದ ಚಟಕ್ಕೋ, ಅವಳು ವಾಕ್ಯವನ್ನು ಹೊಡೆದುಹಾಕಿ ಬರೆದಳು: ಮಾರುಕಟ್ಟೆ ತೆರೆದ ದಿನ ತಿಳಿದಿಲ್ಲ. ಕೆಳಗೆ ಮೂವರ ಉಲ್ಲೇಖಗಳನ್ನೂ ಸಾಲಾಗಿ ಕೊಟ್ಟಳು.

16ರ ಮಂಗಳವಾರ ಮಧ್ಯಾಹ್ನ ಮಾರ್ಗದರ್ಶಕರು ಆ ಪುಟ ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು.

“ತಿಳಿದಿಲ್ಲ ಅಂತ ಯಾರು ಹೇಳಿದ್ದು?”

“ಯಾರೂ ಹೇಳಿಲ್ಲ ಸರ್. ಅದನ್ನೇ ಬರೆದಿದ್ದೀನಿ.”

ಕೆಂಪು ಲೇಖನಿ ಅಡಿಟಿಪ್ಪಣಿಗಳ ಮೇಲೆ ಓಡಾಡಿ ಒಂದು ಕಡೆ ನಿಂತಿತು. “ಎರಡನೇ ಮುದ್ರಣ 98 ಅಲ್ಲ, 99. ತಿದ್ದು, ಸಹಿ ಹಾಕ್ತೀನಿ.”

“ನೋಡಿಕೊಂಡು ಬರ್ತೀನಿ ಸರ್.”

“ನಾನೇ ಬರೆದ ಪುಸ್ತಕ ಕಣಮ್ಮ.”

“ಅದಕ್ಕೇ ಸರ್.”

ಗ್ರಂಥಾಲಯದಿಂದ ಪುಸ್ತಕವನ್ನೇ ಹೊತ್ತು ತಂದು, ಮುದ್ರಣದ ವರ್ಷವಿದ್ದ ಪುಟ ತೆರೆದು ಅವರ ಮುಂದಿಟ್ಟಳು. 1998. ಅವರು ಪ್ರಬಂಧವನ್ನು ಎಳೆದುಕೊಂಡು, ಕೈಯಲ್ಲಿದ್ದ ಲೇಖನಿಯಿಂದಲೇ ಸಹಿ ಹಾಕಿದರು.

“ಸರ್, ಕೆಂಪು ಸಹಿ ಕಚೇರಿಯವರು ತಗೊಳ್ಳಲ್ಲ.”

“ಯಾರು ಹೇಳಿದ್ದು?” ಎಂದು ಗದರಿದವರು, ಅವಳು ನಿಯಮಾವಳಿಯ ಪುಟ ತಿರುವುವ ಮೊದಲೇ ನೀಲಿ ಲೇಖನಿಗಾಗಿ ಜೇಬು ತಡಕಾಡಿದರು.